ಬ್ಯಾಂಕಾಕ್‌ನಲ್ಲಿ ಪಾಸ್‌ಪೋರ್ಟ್ ಕಳೆದುಹೋಗಿದೆ, ನಾಲ್ಕೇ ದಿನದಲ್ಲಿ ವಾಪಸ್ ವಿಮಾನ. ಏನು ಮಾಡಲಿ?

ಗಾಬರಿ ಬೇಡ, ಊರಿಗೆ ಬರಲು ಹೊಸ ಪಾಸ್‌ಪೋರ್ಟೇ ಆಗಬೇಕು ಅಂತಿಲ್ಲ. ಮೊದಲು ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ತಗೊಳ್ಳಿ. ಭಾಷೆ ತೊಡಕಾದರೆ ಪ್ರವಾಸಿ ಪೊಲೀಸರ ನಂಬರ್ 1155. ಆಮೇಲೆ ಸುಖುಮ್‌ವಿತ್ ಸೋಯಿ 23ರಲ್ಲಿರುವ ಭಾರತದ ರಾಯಭಾರ ಕಚೇರಿಗೆ ಹೋಗಿ 'ಎಮರ್ಜೆನ್ಸಿ ಸರ್ಟಿಫಿಕೇಟ್' ಕೇಳಿ. ಅದು ಭಾರತಕ್ಕೆ ಮರಳಲು ಮಾತ್ರ, ಒಂದೇ ಸಲಕ್ಕೆ. ದೂರಿನ ಪ್ರತಿ, ಫೋಟೊ, ಹಳೆ ಪಾಸ್‌ಪೋರ್ಟಿನ ನಕಲು ಜೊತೆಗಿರಲಿ. ನಕಲು ಇಲ್ವಾ? ಟಿಕೆಟ್ ಮಾಡಿಸುವಾಗ ಯಾರಿಗೋ ವಾಟ್ಸಾಪ್‌ನಲ್ಲಿ ಕಳಿಸಿರುತ್ತೀರಿ, ಹುಡುಕಿ.

ಜಾಸ್ತಿ ಜನ ಮರೆಯುವುದು ಥಾಯ್ ಇಮಿಗ್ರೇಶನ್ ಕಚೇರಿಯನ್ನು. ನೀವು ಒಳಬಂದ ಮುದ್ರೆಯೂ ಪಾಸ್‌ಪೋರ್ಟ್ ಜೊತೆಗೇ ಹೋಯಿತಲ್ಲ, ಹೊಸ ಕಾಗದ ಹಿಡಿದು ಅಲ್ಲಿ ವಿಚಾರಿಸಿಯೇ ವಿಮಾನ ಹತ್ತಿ. ನಡುವೆ ಹಳೆಯದು ಸೂಟ್‌ಕೇಸಿನ ಮೂಲೆಯಲ್ಲಿ ಸಿಕ್ಕಿತು ಅಂತ ಸುಮ್ನೆ ಬಳಸಬೇಡಿ. ಕಳೆದಿದೆ ಎಂದು ದಾಖಲಾದ ಮೇಲೆ ಅದು ರದ್ದು.