ಕ್ಲಚ್ ಬಿಚ್ಚಿಸೋ ಮೊದಲು ಟರ್ಬೊ ಹೋಸ್ ಕೆಳಗೆ ಕೈ ಹಾಕಿ ನೋಡಿ

ಅಣ್ಣಾ, ಸ್ವಲ್ಪ ನಿಲ್ಲಿ. ಡೀಸೆಲ್ ಗಾಡಿ, ಲಕ್ಷದ ಮೇಲೆ ಓಡಿದೆ, ಫಸ್ಟ್, ಸೆಕೆಂಡ್ ಗೇರಿನಲ್ಲಿ ಎಳೆಯಲ್ಲ, ಹೈವೇಗೆ ಬಿದ್ದರೆ ಪರವಾಗಿಲ್ಲ, ಗ್ಯಾರೇಜಿನವರು ಕ್ಲಚ್ ಸೆಟ್ ಹೋಗಿದೆ ಅಂದರು, ಸೋಮವಾರ ಬಿಡ್ತೀನಿ ಅಂತ ಬರೆದಿದ್ದೀರಿ. ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ. ಓದಿ ಹೊಟ್ಟೆ ಉರಿಯಿತು.

ಕ್ಲಚ್ ಸವೆದು ಜಾರಿದರೆ ಮೊದಲು ಗೊತ್ತಾಗೋದು ಮೇಲಿನ ಗೇರಿನಲ್ಲಿ. ದಾವಣಗೆರೆ ಬೈಪಾಸ್‌ನಲ್ಲಿ ಖಾಲಿ ರಸ್ತೆ ಸಿಕ್ಕಾಗ ಫೋರ್ತ್‌ನಲ್ಲಿ, 50ರ ಸ್ಪೀಡಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಸರ್ರನೆ ಏರಿ ಸ್ಪೀಡ್ ಅಲ್ಲೇ ನಿಂತರೆ ಕ್ಲಚ್. ಮುಳ್ಳೂ ಏರಲ್ಲ, ಗಾಡಿಯೂ ಏಳಲ್ಲ ಅಂದರೆ ಕ್ಲಚ್ ಬಿಚ್ಚಿ ಏನೂ ಸಿಗಲ್ಲ. ಹೈವೇಲಿ ಸರಿ ಇದೆ ಅಂತ ನೀವೇ ಬರೆದಿದ್ದೀರಿ, ಅಲ್ವಾ?

ನಂದೂ ಡೀಸೆಲ್, 1.3 ಲೀಟರ್ ಇಂಜಿನ್. ಚಿತ್ರದುರ್ಗದಲ್ಲಿ ಜೋಗಿಮಟ್ಟಿ ಏರುವಾಗ ಸೆಕೆಂಡ್‌ನಲ್ಲೇ ಉಸಿರು ಕಟ್ಟಿದ ಹಾಗೆ, ಹಿಂದೆ ಕಪ್ಪು ಹೊಗೆ. ಕ್ಲಚ್ ಸೆಟ್ ಹಾಕಿಸಿದೆ. ಮೂರು ದಿನ ಗಾಡಿ ಇಲ್ಲ, 14 ಸಾವಿರ ಹೋಯಿತು. ಪೆಡಲ್ ಬೆಣ್ಣೆ ಹಾಗಾಯಿತು, ಎಳೆತ ಮಾತ್ರ ಅದೇ. ಆಮೇಲೆ ಡೀಸೆಲ್ ಫಿಲ್ಟರ್, ಇಂಜೆಕ್ಟರ್ ಕ್ಲೀನರ್ ಬಾಟಲಿ, ಏನೇನೋ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಟರ್ಬೊದಿಂದ (ಇಂಜಿನ್‌ಗೆ ಗಾಳಿ ತಳ್ಳೋದು) ಇಂಟರ್‌ಕೂಲರ್‌ಗೆ (ಆ ಗಾಳಿ ತಣ್ಣಗೆ ಮಾಡೋದು) ಹೋಗುವ ರಬ್ಬರ್ ಹೋಸ್ ಕೆಳಗೆ ಕೈ ಹಾಕಿದೆ. ಬೆರಳಿಗೆಲ್ಲ ಆಯಿಲ್ ಜಿಡ್ಡು. ಮೇಲಿಂದ ಹೋಸ್ ಹೊಸದರ ಹಾಗೇ ಕಾಣುತ್ತಿತ್ತು. ಬಿಚ್ಚಿ ಹಿಂಡಿದೆ, ಬಾಯಿ ತೆರೆಯಿತು. ಬ್ರಾಕೆಟ್‌ಗೆ ಉಜ್ಜಿ ಉಜ್ಜಿ ಒಂದು ಇಂಚು ಸೀಳು. ಕಡಿಮೆ ಆರ್‌ಪಿಎಂನಲ್ಲಿ ಟರ್ಬೊ ತಳ್ಳೋದೇ ಸ್ವಲ್ಪ ಗಾಳಿ, ಅದೂ ಅಲ್ಲೇ ಸೋರುತ್ತಿತ್ತು. ಮೇಲೆ ಹೋದಾಗ ಜಾಸ್ತಿ ತಳ್ಳಿ ಸರಿದೂಗಿಸುತ್ತೆ, ಹಾಗಾಗಿ ಹೈವೇಲಿ ಗೊತ್ತಾಗಲ್ಲ. ಹೊಸ ಹೋಸ್, ಎರಡು ಕ್ಲಿಪ್, ಎರಡು ಸಾವಿರದೊಳಗೆ ಮುಗಿಯಿತು. ಟೇಪ್ ಸುತ್ತಬೇಡಿ, ಬಿಸಿಗೆ ಒಂದು ವಾರ ನಿಲ್ಲಲ್ಲ.

ಹೋಸ್ ಸೇರುವ ಕೀಲಿನ ಹತ್ತಿರ ಸ್ವಲ್ಪ ಆಯಿಲ್ ಪಸೆ ಇರೋದು ಸಹಜ, ಅದಕ್ಕೆ ಗಾಬರಿ ಬೇಡ. ಹೋಸ್ ನಡುವೆ ಒದ್ದೆ ಇದ್ದರೆ ಅನುಮಾನ ಪಡಿ. ಈ ಇಂಜಿನ್‌ಗಳು 2000 ಆರ್‌ಪಿಎಂ ಕೆಳಗೆ ಮೊದಲಿಂದಲೂ ಮಂದವೇ. ನಿಮ್ಮದು ಹೊಸದರಲ್ಲೂ ಹೀಗೇ ಇತ್ತಾ, ಈಗ ಶುರುವಾಯಿತಾ, ಅದನ್ನೂ ನೆನಪು ಮಾಡಿಕೊಳ್ಳಿ. ಹೋಸ್ ಸರಿ ಇದ್ದೂ ಕಪ್ಪು ಹೊಗೆ ಬಂದರೆ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನ ಮತ್ತೆ ಇಂಜಿನ್‌ಗೆ ಬಿಡೋದು) ಮಸಿ ಕಟ್ಟಿ ತೆರೆದೇ ನಿಂತಿರಬಹುದು. ಬಿಚ್ಚಿ ತೊಳೆಸಿ. ಬ್ಲಾಂಕ್ ಮಾಡಿಸಿ, ಅಂದರೆ ಪೂರ್ತಿ ಮುಚ್ಚಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಹೊಗೆಯ ಮಾಲಿನ್ಯ ತಡೆಯೋ ಭಾಗ ಅದು.

ಬ್ಲೂಟೂತ್ ಸ್ಕ್ಯಾನರ್ ಇದ್ದರೆ ಪಿ0299 ಕೋಡ್ ಇದೆಯಾ ನೋಡಿ, ಬೂಸ್ಟ್, ಅಂದರೆ ಟರ್ಬೊ ತಳ್ಳೋ ಗಾಳಿಯ ಒತ್ತಡ, ಕಡಿಮೆ ಅಂತ ಅರ್ಥ. ಚಿತ್ರದುರ್ಗ ಸುಮಾರು 730 ಮೀಟರ್ ಎತ್ತರದಲ್ಲಿದೆ, ಇಂಜಿನ್ ಆಫ್ ಇದ್ದಾಗ ಮ್ಯಾಪ್ ಸೆನ್ಸರ್ (ಇಂಜಿನ್‌ಗೆ ಹೋಗೋ ಗಾಳಿಯ ಒತ್ತಡ ಅಳೆಯೋದು) 93 ಕಿಲೋಪಾಸ್ಕಲ್ ಆಸುಪಾಸು ತೋರಿಸಿದರೆ ಅದು ಸರಿಯೇ. ಸಮುದ್ರ ಮಟ್ಟದ ಹಾಗೆ 101 ಇರಬೇಕಿತ್ತು ಅಂತ ಸುಮ್ನೆ ಸೆನ್ಸರ್ ಬದಲಿಸಬೇಡಿ.

ಬ್ರೇಕ್ ಬಿಡದೆ ಹಿಡಿದುಕೊಂಡೇ ಇದ್ದರೂ ಗಾಡಿ ಎಳೆಯಲ್ಲ, ಅದನ್ನೂ ನೋಡಲೇಬೇಕು. ಸಮತಟ್ಟಾದ ಖಾಲಿ ರಸ್ತೆಯಲ್ಲಿ 20ರಲ್ಲಿ ನ್ಯೂಟ್ರಲ್‌ಗೆ ಹಾಕಿ ಉರುಳಲು ಬಿಡಿ. ಇಳಿಜಾರಿನಲ್ಲಿ ಬೇಡವೇ ಬೇಡ. ಬೇಗ ನಿಂತರೆ ಹತ್ತು ಕಿಲೋಮೀಟರ್ ಓಡಿಸಿ ಬಂದು ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಒತ್ತೋ ಭಾಗ) ಪಿನ್, ಇಲ್ಲ ಹ್ಯಾಂಡ್‌ಬ್ರೇಕ್ ಕೇಬಲ್ ಸಿಕ್ಕಿಕೊಂಡಿರಬಹುದು.

ಭೀಮಸಮುದ್ರದ ಕಡೆ ಅದಿರು ಲಾರಿಗಳ ಹಿಂದೆ ಓಡಾಡೋರು ಏರ್ ಫಿಲ್ಟರ್ ಪುಸ್ತಕದಲ್ಲಿ ಬರೆದ ಕಿಲೋಮೀಟರಿಗೆ ಕಾಯಬೇಡಿ. ನಾನು ಬಾಷ್ ಅಥವಾ ಮಾಹ್ಲೆ ಬಿಟ್ಟು ಬೇರೆ ಹಾಕಲ್ಲ. ಕಂಪ್ರೆಸರ್ ಗಾಳಿ ಹೊಡೆಯೋದಾದರೆ ಮೆಲ್ಲಗೆ, ಒಳಗಿಂದ ಹೊರಕ್ಕೆ. ಎಷ್ಟೋ ಜನ ಉಲ್ಟಾ ಹೊಡೆದು ಧೂಳನ್ನ ಇನ್ನೂ ಒಳಗೆ ತುಂಬಿಸುತ್ತಾರೆ.

ಇಷ್ಟೆಲ್ಲ ನೋಡಿದ ಮೇಲೂ ಕ್ಲಚ್ಚೇ ಅಂತಾದರೆ ಲುಕ್ ಅಥವಾ ವ್ಯಾಲಿಯೋ ಕಂಪನಿಯದು ಹಾಕಿಸಿ. ಪ್ಲೇಟ್, ಕವರ್, ಬೇರಿಂಗ್ ಮೂರೂ ಒಟ್ಟಿಗೆ. ಗೇರ್‌ಬಾಕ್ಸ್ ಇಳಿಸುವ ಕೂಲಿ ಎರಡು ಸಲ ಯಾಕೆ ಕೊಡ್ತೀರಿ? ಮತ್ತೆ ರೈಲ್ವೆ ಗೇಟಿನ ಹತ್ತಿರ ಹಾಫ್ ಕ್ಲಚ್‌ನಲ್ಲಿ ಗಾಡಿ ನಿಲ್ಲಿಸೋ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಭಾನುವಾರ ಬೆಳಿಗ್ಗೆ ಬಾನೆಟ್ ತೆಗೆದು ಆ ಹೋಸಿನ ಫೋಟೋ ಹಾಕಿ, ಕೆಳಭಾಗದ್ದು. ನೋಡಿ ಹೇಳ್ತೀನಿ, ಅಲ್ಲಿವರೆಗೆ ಗ್ಯಾರೇಜಿಗೆ ಗಾಡಿ ಬಿಡಬೇಡಿ.