ಹೇರ್ ಟ್ರಾನ್ಸ್‌ಪ್ಲಾಂಟ್ ಆದ್ಮೇಲೆ ಕೈ ಸುಮ್ನಿರಲ್ಲ: ಒಂದು ಆಪ್ತಸಲಹೆ ಪ್ರಕರಣ

ನನ್ನ ಹತ್ರ ಆಪ್ತಸಲಹೆಗೆ ಬಂದವನ ಹೆಸರು, ಕೆಲಸ, ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ, ಬರೆಯೋಕೆ ಅವನ ಒಪ್ಪಿಗೇನೂ ಇದೆ. ಹುಡುಗ ಅಂತಾನೇ ಕರೀತೀನಿ, ವಯಸ್ಸು 31 ಆದ್ರೂ, ಯಾಕಂದ್ರೆ ಅವರಮ್ಮ ಇನ್ನೂ ಹಾಗೇ ಕರೆಯೋದು.

ಅಕ್ಟೋಬರ್ ಮೊದಲ ವಾರ ಬಂದ. ಕ್ಯಾಪ್ ತೆಗೀಲಿಲ್ಲ, ಕೂತ ತಕ್ಷಣ ಬ್ಯಾಗಿಂದ ಒಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿ ತೆಗೆದು ಟೇಬಲ್ ಮೇಲಿಟ್ಟ. ಒಳಗೆ ಕೂದಲು, ಮೋಟು ಮೋಟಾಗಿ, ದಿಂಬಿನ ಮೇಲಿಂದ ಟವೆಲ್ ಮೇಲಿಂದ ಆರಿಸಿ ಇಟ್ಕೊಂಡಿದ್ದು. "ಮೇಡಂ, ಒಂದೂಮುಕ್ಕಾಲು ಲಕ್ಷ ಬಚ್ಚಲು ಪಾಲಾಯ್ತು" ಅಂದ.

ಟ್ರಾನ್ಸ್‌ಪ್ಲಾಂಟ್ ಆಗಿ ಅವತ್ತಿಗೆ 26 ದಿನ. ಹಿಂದಲೆಯಿಂದ ಒಂದೊಂದೇ ಬೇರು ತೆಗೆದು ಮುಂದೆ ನೆಡೋ ಎಫ್‌ಯುಇ ವಿಧಾನ, 2,200 ಗ್ರಾಫ್ಟ್, ಅಂದ್ರೆ ಹಾಗೆ ತೆಗೆದು ನೆಟ್ಟ ಬೇರಿನ ತುಣುಕು. ಮನೇಲಿ ಯಾರಿಗೂ ಗೊತ್ತಿಲ್ಲ, ಆಫೀಸ್ ಕೆಲಸದ ಮೇಲೆ ಪುಣೆಗೆ ಹೋಗಿದೀನಿ ಅಂತ ಸುಳ್ಳು ಹೇಳಿ ಬೆಂಗಳೂರಿನ ರೂಮಲ್ಲೇ ಇದ್ದ. ನಿಶ್ಚಿತಾರ್ಥ ಆಗಿದೆ, ಮದುವೆ ಫೆಬ್ರವರಿಗೆ, ಹುಡುಗಿಗೂ ಹೇಳಿಲ್ಲ.

ಮೊದಲ ಹತ್ತು ದಿನ ಹೇಗಿತ್ತು ಅಂತ ಕೇಳಿದೆ, ಆಶ್ಚರ್ಯ ಅಂದ್ರೆ ಅಷ್ಟು ಚೆನ್ನಾಗಿ ಯಾರೂ ಮಾಡಿರಲ್ಲ. ಬಸ್ಸಲ್ಲಿ ಕತ್ತಿಗೆ ಹಾಕ್ಕೊಳ್ಳೋ ದಿಂಬು ಹಾಕ್ಕೊಂಡು ಏಳು ರಾತ್ರಿ ಅರ್ಧ ಕೂತೇ ಮಲಗಿದಾನೆ, ಹೇಳಿದ ಹೊತ್ತಿಗೆ ಸಲೈನ್ ಸ್ಪ್ರೇ, ಮೂರನೇ ದಿನ ಹಣೆ ಊದಿ ಕಣ್ಣಿನ ತನಕ ಇಳಿದಾಗ ಗಾಬರಿಯಾದ್ರೂ ಅದು ಆಗೋದೇ ಅಂತ ಕ್ಲಿನಿಕ್‌ನವರು ಹೇಳಿದ್ದು ನೆನಪಿಟ್ಟು ಸುಮ್ನಿದ್ದ, ಶವರ್ ಬಿಟ್ಟು ಮಗ್ಗಲ್ಲಿ ನಿಧಾನಕ್ಕೆ ನೀರು ಹಾಕ್ಕೊಂಡು ಬೇಬಿ ಶಾಂಪೂ ನೊರೆ ಇಟ್ಟು ತೊಳೆದಿದಾನೆ, ಬೈಕ್ ಹೆಲ್ಮೆಟ್ ಬೇಡ ಅಂತ ಮೆಟ್ರೋ ಹಿಡಿದಿದಾನೆ, ಸಿಗರೇಟ್ ಕೂಡ ಬಿಟ್ಟಿದ್ದ. ಹನ್ನೆರಡನೇ ದಿನಕ್ಕೆ ಹಕ್ಕಳೆ ಎಲ್ಲಾ ಉದುರಿ ತಲೆ ಕ್ಲೀನ್.

ಎಡವಟ್ಟು ಶುರುವಾಗಿದ್ದು ಆಮೇಲೆ. ಕ್ಲಿನಿಕ್ ಕೊಟ್ಟ ಕಾಗದದಲ್ಲಿ ಹತ್ತು ದಿನಕ್ಕೆ ಸಾಲು ಸಾಲು ನಿಯಮ ಇತ್ತು, ಹನ್ನೊಂದನೇ ದಿನದಿಂದ ಏನೂ ಇಲ್ಲ. ಮಾಡೋಕೆ ಕೆಲಸ ಇಲ್ಲದ ಕೈ ತಲೆಗೇ ಹೋಗೋಕೆ ಶುರುವಾಯ್ತು. ಕೆರೆತ ಬಂದಾಗ ಉಗುರು. ಎರಡು ಗುಳ್ಳೆ ಎದ್ದಾಗ ಹಿಂಡಿದಾನೆ. ಮೂರನೇ ವಾರ ನೆಟ್ಟ ಕೂದಲು ಉದುರೋಕೆ ಶುರುವಾದ್ಮೇಲಂತೂ ಕೇಳಲೇಬೇಡಿ, ಯಾರೋ ವಿಡಿಯೋದಲ್ಲಿ ಹೇಳಿದ್ರು ಅಂತ ಈರುಳ್ಳಿ ರಸ ಹಚ್ಚಿ ಉರಿ ತಡೀಲಾರದೆ ರಾತ್ರಿ ಎರಡು ಗಂಟೆಗೆ ತಲೆ ತೊಳ್ಕೊಂಡಿದಾನೆ, ಸೂಜಿ ಇರೋ ರೋಲರ್ ಆರ್ಡರ್ ಮಾಡಿದ್ದ, ಪುಣ್ಯಕ್ಕೆ ಬಾಕ್ಸ್ ಇನ್ನೂ ಒಡೆದಿರಲಿಲ್ಲ.

ಉದುರೋದು ಸಾಮಾನ್ಯವಾಗಿ ಎರಡರಿಂದ ಎಂಟು ವಾರದೊಳಗೆ ಆಗುತ್ತೆ, ಶಾಕ್ ಲಾಸ್ ಅಂತಾರೆ. ಮೇಲಿನ ಎಳೆ ಬಿದ್ದುಹೋಗುತ್ತೆ, ಬೇರು ಚರ್ಮದೊಳಗೆ ಉಳಿದಿರುತ್ತೆ, ಸ್ವಲ್ಪ ದಿನ ಸುಮ್ನಿದ್ದು ಮೂರ್ನಾಲ್ಕು ತಿಂಗಳಿಗೆ ಸಣ್ಣಗೆ ಹೊರಗೆ ಬರುತ್ತೆ, ಪೂರ್ತಿ ಫಲ ನೋಡೋಕೆ 12ರಿಂದ 18 ತಿಂಗಳು. ಇದನ್ನ ಅವನಿಗೆ ಹೇಳಿರಲಿಲ್ವಾ ಅಂದ್ರೆ ಹೇಳಿದಾರೆ, ಪ್ಯಾಕೇಜ್ ಮಾತಾಡೋವಾಗ ಒಂದು ವಾಕ್ಯದಲ್ಲಿ. ಹೇಳಿದ್ದು ಕ್ಲಿನಿಕ್‌ನ 'ಕೌನ್ಸೆಲರ್' ಅಂತೆ, ಅಲ್ಲಿ ರೇಟ್ ಕುದುರಿಸೋರಿಗೂ ಅದೇ ಹೆಸರು, ನನಗೆ ಪ್ರತಿ ಸಲ ಮೈ ಉರಿಯುತ್ತೆ. ಬೇರು ತೆಗೆದು ನೆಟ್ಟಿದ್ದು ಯಾರು ಅಂತಾನೂ ಕೇಳಿದೆ. ಡರ್ಮಟಾಲಜಿ ಓದಿದ ಡಾಕ್ಟರೇ ಅಂದ, ಸಮಾಧಾನ ಆಯ್ತು. ಯೂಟ್ಯೂಬ್ ನೋಡಿ ಕಲಿತು ಇದನ್ನ ಮಾಡೋ ಹಾಗಿಲ್ಲ ಅಂತ 2022ರಲ್ಲಿ ನ್ಯಾಷನಲ್ ಮೆಡಿಕಲ್ ಕಮಿಷನ್ ಬರೆದು ಹೇಳಬೇಕಾಗಿ ಬಂದ ದೇಶ ನಮ್ದು.

ದಿನಕ್ಕೆ ಎಷ್ಟು ಸಲ ಕನ್ನಡಿ ನೋಡ್ತೀರಾ ಅಂದೆ, ಲೆಕ್ಕ ಇಲ್ಲ ಅಂದ. ಫೋನ್ ಗ್ಯಾಲರಿ ತೆಗೆಸಿದೆ, 26 ದಿನಕ್ಕೆ 900ಕ್ಕೂ ಜಾಸ್ತಿ ಫೋಟೋ. ಇಂಥಲ್ಲಿ ನಾನು ಬೇರೆ ಕೆಲವು ಪ್ರಶ್ನೆ ಕೇಳ್ತೀನಿ: ಮೂಗು, ಚರ್ಮ, ಮೈಕಟ್ಟು ಬಗ್ಗೆನೂ ಹೀಗೇ ಕೊರಗಿದ್ರಾ, ಮುಂಚೆ ಕೂದಲು ಕಿತ್ಕೊಳ್ಳೋ ಅಭ್ಯಾಸ ಇತ್ತಾ, ಬದುಕೇ ಬೇಡ ಅನ್ನಿಸಿದ್ದುಂಟಾ. ಎಲ್ಲಕ್ಕೂ ಇಲ್ಲ ಅಂದ. ಹೌದು ಅಂದಿದ್ರೆ ಅವತ್ತೇ ಮನೋವೈದ್ಯರ ಹತ್ರ ಕಳಿಸ್ತಿದ್ದೆ. ಕೂದಲು ಉದುರೋದು ತಡೆಯೋಕೆ ಕೊಡೋ ಫಿನಾಸ್ಟರೈಡ್ ಮಾತ್ರೆ ತಗೋತಿದ್ದ, ಅದರಿಂದ ಕೆಲವರಿಗೆ ಮನಸ್ಸು ಕುಗ್ಗೋದು ವರದಿಯಾಗಿದೆ, ಅದಕ್ಕೆ ನಿದ್ದೆ ಕೆಟ್ಟಿರೋದನ್ನೂ ಬೇಜಾರನ್ನೂ ಬರೆದುಕೊಟ್ಟ ಡಾಕ್ಟರಿಗೆ ಹೇಳ್ಲೇಬೇಕು, ತಾನಾಗೇ ನಿಲ್ಸೋದು ಬೇಡ ಅಂದೆ.

ಆಮೇಲೆ ನಿಜವಾದ ವಿಷಯ ಆಚೆ ಬಂತು. ಮಗನಿಗೆ ಹುಡುಗಿ ಸೆಟ್ ಆದ್ರೆ ಮುಡಿ ಕೊಡಿಸ್ತೀನಿ ಅಂತ ಅಮ್ಮ ತಿರುಪತಿ ತಿಮ್ಮಪ್ಪನಿಗೆ ಹರಕೆ ಹೊತ್ತಿದ್ರು! ನವೆಂಬರ್‌ಗೆ ರೈಲು ಬುಕ್ ಆಗಿದೆ, ಮದುವೆ ಹೊತ್ತಿಗೆ ಕೂದಲು ಬಂದಿರುತ್ತೆ ಅನ್ನೋದು ಅವರ ಲೆಕ್ಕ. ಇವನು ಕೂದಲು ನೆಡಿಸ್ಕೊಂಡು ಬಂದಿದಾನೆ, ಅವರು ಬೋಳಿಸೋಕೆ ಕಾಯ್ತಿದಾರೆ. ಹೇಳಿದ್ರೆ ದೇವರ ಸೊತ್ತಿಗೆ ಕೈ ಹಾಕಿದೆ ಅಂತಾರೆ, ಬಡ್ಡಿ ಕಾಸಿನ ತಿಮ್ಮಪ್ಪ ಬಡ್ಡಿ ಸಮೇತ ವಸೂಲಿ ಮಾಡ್ತಾನೆ ಅಂತಾರೆ ಅನ್ನೋ ಭಯ. ರಾತ್ರಿ ಫೋಟೋ ತೆಗೆಯೋದೆಲ್ಲಾ ಅಮ್ಮನ ಫೋನ್ ಬಂದು ಹೋದ್ಮೇಲೇ ಅಂತ ಅವನೇ ಗಮನಿಸಿರಲಿಲ್ಲ, ಫೋಟೋಗಳ ಟೈಮ್ ನೋಡಿ ಇಬ್ಬರೂ ಕೂತು ಹುಡುಕಿದ್ವಿ.

ಸಲಹೆ ಅಂತ ಕೊಟ್ಟಿದ್ದು ಇಷ್ಟು. ಗುಳ್ಳೆ, ಉರಿ, ಕೂದಲು ಬೆಳೆಯೋಕೆ ಹಚ್ಚೋ ಮಿನಾಕ್ಸಿಡಿಲ್ ಯಾವಾಗ ಶುರು, ಎಣ್ಣೆ ಯಾವಾಗ, ಬ್ಲೇಡ್ ಯಾವಾಗ, ಇವಿಷ್ಟನ್ನ ಒಂದು ಚೀಟೀಲಿ ಬರ್ಕೊಂಡು ಎರಡು ದಿನದೊಳಗೆ ಸರ್ಜರಿ ಮಾಡಿದ ಡಾಕ್ಟರನ್ನೇ ನೋಡೋದು, ಅದು ನನ್ನ ಕ್ಷೇತ್ರ ಅಲ್ಲ. ಕೀವು, ಜ್ವರ, ದಿನದಿನಕ್ಕೆ ಜಾಸ್ತಿ ಆಗೋ ನೋವು, ಕಪ್ಪಾಗೋ ಚರ್ಮ ಕಂಡ್ರೆ ಕಾಯೋದೇ ಬೇಡ, ಅವತ್ತೇ. ಈರುಳ್ಳಿ ರಸ ಬಂದ್, ರೋಲರ್ ವಾಪಸ್. ಫೋಟೋ ತಿಂಗಳಿಗೆ ಒಂದೇ, ಒಂದನೇ ತಾರೀಕು, ಅದೇ ಕಿಟಕಿ ಬೆಳಕಲ್ಲಿ, ಹಳೇ 900 ಅಳಿಸೋ ಧೈರ್ಯ ಇಲ್ಲ ಅಂದ್ರೆ ಪೆನ್‌ಡ್ರೈವಿಗೆ ಹಾಕಿ ಸ್ನೇಹಿತನ ಕೈಗೆ ಕೊಡೋದು. ಕೈ ತಲೆಗೆ ಹೋದಾಗ ಹತ್ತು ನಿಮಿಷ ಮುಂದೂಡೋದು, ಆ ಹತ್ತು ನಿಮಿಷ ಕೈಗೆ ಏನಾದ್ರೂ ಕೆಲಸ, ಅವನು ಅವರೆಕಾಯಿ ಸುಲಿಯೋದು ಆರಿಸ್ಕೊಂಡ, ಸೀಸನ್ ಬರೋವರೆಗೆ ಬಟಾಣಿ. ಡಬ್ಬಿ ಮಾತ್ರ ನನ್ನ ಹತ್ರಾನೇ ಬಿಟ್ಟು ಹೋಗಿ ಅಂದೆ, ಬಿಟ್ಟು ಹೋದ.

ಹುಡುಗಿಗೆ ಮೊದಲು ಹೇಳಿ ಅಂದೆ, ಅಮ್ಮಂಗೆ ಆಮೇಲೆ. ಯಾಕಂದ್ರೆ ಮದುವೆ ದಿನಕ್ಕೆ ತಲೆ ಅರ್ಧಂಬರ್ಧ ಸ್ಥಿತೀಲೇ ಇರುತ್ತೆ, ಐದು ತಿಂಗಳಿಗೆ ಎಲ್ಲಾ ಬಂದಿರಲ್ಲ, ಅದು ಆಲ್ಬಂ ನೋಡಿ ಅವಳಿಗೆ ಗೊತ್ತಾಗೋದು ಬೇಡ. ಎರಡನೇ ಸೆಷನ್‌ಗೆ ಬಂದಾಗ ಹೇಳಿ ಆಗಿತ್ತು. ವಿಡಿಯೋ ಕಾಲಲ್ಲಿ ಕ್ಯಾಪ್ ತೆಗೆದನಂತೆ, ಅವಳು ಒಂದು ನಿಮಿಷ ನೋಡಿ "ಅದಕ್ಕೇನಾ ನೀವು ಒಂದು ತಿಂಗಳಿಂದ ಕ್ಯಾಪಲ್ಲೇ ಮಾತಾಡ್ತಿದ್ದಿದ್ದು, ನಾನು ಮದುವೆ ಇಷ್ಟ ಇಲ್ವೇನೋ ಅನ್ಕೊಂಡಿದ್ದೆ" ಅಂತ ಅತ್ತಳಂತೆ. ಅವನು ಅದನ್ನ ಹೇಳೋವಾಗ ಕೈ ತೊಡೆ ಮೇಲೇ ಇತ್ತು.

ಡಾಕ್ಟರ್ ಗುಳ್ಳೆಗೆ ಮುಲಾಮು ಕೊಟ್ಟಿದ್ರು, ಬ್ಲೇಡ್ ಸದ್ಯಕ್ಕೆ ಬೇಡವೇ ಬೇಡ ಅಂದಿದ್ರು. ಅಮ್ಮಂಗೆ ಹೇಳೋಕೆ ಅವನೇ ಊರಿಗೆ ಹೋದ, ದುಡ್ಡಿನ ಲೆಕ್ಕ ಒಂದು ಬಿಟ್ಟು ಎಲ್ಲಾ ಹೇಳಿದಾನೆ, ಅದನ್ನ ಬಿಟ್ಟಿದ್ದಕ್ಕೆ ನಾನೂ ಒತ್ತಾಯ ಮಾಡಲಿಲ್ಲ. ಅಮ್ಮ ದೀಪದ ಹತ್ರ ಕೂರಿಸಿ ತಲೆ ಬಗ್ಗಿಸಿ ಚೆನ್ನಾಗಿ ನೋಡಿದ್ರಂತೆ, ಮುಟ್ಟಲಿಲ್ಲ. "ಕೊಡೋಕೆ ಈಗ ಏನೈತೆ ಮಗಾ ನಿನ್ ತಲೇಲಿ, ಬೆಳೀಲಿ ಬಿಡು, ತಿಮ್ಮಪ್ಪ ಕಾಯ್ತಾನೆ" ಅಂದ್ರಂತೆ. ನವೆಂಬರ್ ರೈಲು ಕ್ಯಾನ್ಸಲ್ ಮಾಡಲಿಲ್ಲ, ಹೋಗಿ ತಮ್ಮ ಕೂದಲನ್ನೇ ಮೂರು ಕತ್ತರಿ ಕೊಟ್ಟು ಬಂದಿದಾರೆ, ಬಡ್ಡಿ ಅಂತ. ಅಸಲು ಇನ್ನೂ ಬಾಕಿ.