ಎರರ್ ಸಾಲಿನ ಕೊನೆಯ ಹೆಸರು ಓದಿದ್ರಾ?

ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಗೆಳೆಯರ ರೆಪೊ (ಅವರ ಕೋಡ್ ಫೋಲ್ಡರ್) ಕ್ಲೋನ್ ಆಗುತ್ತದೆ, ಅಂದರೆ ನಕಲು ಇಳಿಯುತ್ತದೆ, ಆದರೆ ಪುಶ್ ಮಾಡಿದರೆ, ಅಂದರೆ ನಿಮ್ಮ ಬದಲಾವಣೆ ಕಳಿಸಿದರೆ, ಅನುಮತಿ ಇಲ್ಲ ಅನ್ನುವ 403 ಎರರ್ ಬರುತ್ತದೆ ಅಂತ ಕೇಳಿದ್ದೀರಿ. ಕೋಡಿನ ಬದಲಾವಣೆ ದಾಖಲಿಸುವ ಗಿಟ್ ಸಾಫ್ಟ್‌ವೇರ್ ಅನ್ನು ಎರಡು ಸಲ ತೆಗೆದು ಮತ್ತೆ ಹಾಕಿದ್ದೀರಿ, ಅದರ ಸೆಟ್ಟಿಂಗ್ ಇರುವ ಕಾನ್ಫಿಗ್‌ನಲ್ಲಿ ಹೆಸರು, ಇಮೇಲ್ ಎಲ್ಲ ಬದಲಿಸಿದ್ದೀರಿ. ಪಾಪ, ಅದೆಲ್ಲ ಸುಮ್ನೆ ಶ್ರಮ. ಆ ಹೆಸರು, ಇಮೇಲ್ ಕಮಿಟ್ (ದಾಖಲಿಸಿದ ಬದಲಾವಣೆ) ಮೇಲೆ ಅಂಟಿಸುವ ಚೀಟಿ ಅಷ್ಟೇ. ಪುಶ್ ಮಾಡಲು ಬಿಡಬೇಕೋ ಬೇಡವೋ ಅಂತ ಗಿಟ್‌ಹಬ್ ಅದನ್ನು ನೋಡುವುದೇ ಇಲ್ಲ.

ಎರರ್ ಅನ್ನು ಪೂರ್ತಿ ಓದಿ. 'ಡಿನೈಡ್ ಟು' ಅಂದಮೇಲೆ ಒಂದು ಹೆಸರು ಇರುತ್ತದೆ. ಗಿಟ್‌ಹಬ್ ನಿಮ್ಮನ್ನು ಯಾರು ಅಂದುಕೊಂಡಿದೆಯೋ ಆ ಹೆಸರು ಅದು.

ನನಗೂ ಹೀಗೇ ಆಗಿತ್ತು. ಜಯನಗರದ ರೂಮಿನಲ್ಲಿ ರಾತ್ರಿ ಹನ್ನೊಂದೂವರೆಗೆ ಕೂತು ತಲೆ ಕೆರೆದುಕೊಳ್ಳುತ್ತಿದ್ದೆ. ಕೊನೆಗೆ ನೋಡಿದರೆ ಆ ಸಾಲಿನಲ್ಲಿ ಇದ್ದದ್ದು ನನ್ನ ಹಳೇ ಆಫೀಸಿನ ಅಕೌಂಟ್! ಕೆಲಸ ಬಿಟ್ಟು ಎಂಟು ತಿಂಗಳಾಗಿತ್ತು, ವಿಂಡೋಸ್ ಮಾತ್ರ ಅದನ್ನು ಬಿಟ್ಟಿರಲಿಲ್ಲ.

ನಿಮ್ಮಲ್ಲೂ ಬೇರೆ ಹೆಸರು ಬಂದಿದ್ದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ರೆಡೆನ್ಷಿಯಲ್ ಮ್ಯಾನೇಜರ್ (ಉಳಿಸಿದ ಲಾಗಿನ್‌ಗಳು ಇರುವ ಜಾಗ) ತೆರೆಯಿರಿ. ವಿಂಡೋಸ್ ಕ್ರೆಡೆನ್ಷಿಯಲ್ಸ್ ಒಳಗೆ ಗಿಟ್‌ಹಬ್ ಹೆಸರಿನ ಸಾಲು ಅಳಿಸಿ, ಮತ್ತೆ ಪುಶ್ ಮಾಡಿ. ಲಾಗಿನ್ ಕೇಳುತ್ತದೆ, ಸರಿಯಾದ ಅಕೌಂಟ್ ಕೊಡಿ. ಟರ್ಮಿನಲ್‌ನಲ್ಲೇ ಪಾಸ್‌ವರ್ಡ್ ಕೇಳಿದರೆ ಅಲ್ಲಿ ಟೋಕನ್ (ಪಾಸ್‌ವರ್ಡ್ ಬದಲು ಗಿಟ್‌ಹಬ್‌ನಲ್ಲಿ ಮಾಡಿಕೊಳ್ಳುವ ಗುಟ್ಟಿನ ಸಂಕೇತ) ಹಾಕಬೇಕು. 2021ರ ಆಗಸ್ಟ್ 13ರಿಂದ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ.

ಹೆಸರು ನಿಮ್ಮದೇ ಆಗಿದ್ದರೆ? ಆಗ ರೆಪೊಗೆ ಸೇರಲು ಗೆಳೆಯರು ಕಳಿಸಿದ ಆಹ್ವಾನವನ್ನು ಒಪ್ಪಿಕೊಂಡಿದ್ದೀರಾ ನೋಡಿ. ಪಬ್ಲಿಕ್ ರೆಪೊ ಯಾರು ಬೇಕಾದರೂ ಕ್ಲೋನ್ ಮಾಡಬಹುದು, ಅಲ್ವಾ? ಹಾಗಾಗಿ ಕ್ಲೋನ್ ಆಯಿತು ಅಂದರೆ ಅನುಮತಿ ಸಿಕ್ಕಿದೆ ಅಂತಲ್ಲ.

ಒಂದೇ ಲ್ಯಾಪ್‌ಟಾಪಿನಲ್ಲಿ ಆಫೀಸಿನದ್ದು, ಸ್ವಂತದ್ದು ಎರಡೂ ಅಕೌಂಟ್ ಇಟ್ಟುಕೊಂಡವರು ಎಸ್‌ಎಸ್‌ಎಚ್‌ಗೆ ಹೋಗುವುದೇ ವಾಸಿ. ಅಲ್ಲಿ ಪಾಸ್‌ವರ್ಡ್ ಬದಲು ಕೀ ಅನ್ನುವ ಫೈಲಿನಿಂದ ಗುರುತು ತೋರಿಸುತ್ತೀರಿ. ಒಂದು ಕೀಯನ್ನು ಎರಡು ಅಕೌಂಟಿಗೆ ಹಾಕಲು ಗಿಟ್‌ಹಬ್ ಬಿಡುವುದಿಲ್ಲ, ಎರಡು ಕೀ ಮಾಡಿಕೊಳ್ಳಿ. ಇಲ್ಲೂ ಅದೇ ತರಲೆ ಇದೆ. ಎಸ್‌ಎಸ್‌ಎಚ್ ಒಂದಾದ ಮೇಲೊಂದು ಕೀ ಚಾಚುತ್ತದೆ, ಗಿಟ್‌ಹಬ್ ಗುರುತು ಸಿಕ್ಕ ಮೊದಲನೆಯದನ್ನೇ ಹಿಡಿದುಕೊಳ್ಳುತ್ತದೆ. ಅದಕ್ಕೆ ಎಸ್‌ಎಸ್‌ಎಚ್‌ನ ಕಾನ್ಫಿಗ್ ಫೈಲಿನಲ್ಲಿ ಎರಡು ಅಕೌಂಟಿಗೂ ಬೇರೆ ಬೇರೆ ಹೋಸ್ಟ್ ಹೆಸರು (ಗಿಟ್‌ಹಬ್ ವಿಳಾಸಕ್ಕೆ ಇಡುವ ಅಡ್ಡಹೆಸರು) ಕೊಟ್ಟು, ಪ್ರತಿಯೊಂದಕ್ಕೂ ಅದರ ಕೀ ತೋರಿಸಿ, ಆ ಕೀ ಮಾತ್ರ ಬಳಸುವಂತೆ 'ಐಡೆಂಟಿಟೀಸ್‌ಓನ್ಲಿ ಯೆಸ್' ಅಂತ ಬರೆಯಿರಿ. ರಿಮೋಟ್ ಯುಆರ್‌ಎಲ್‌ನಲ್ಲೂ (ಪುಶ್ ಹೋಗುವ ರೆಪೊ ವಿಳಾಸ) ಆ ಹೊಸ ಹೋಸ್ಟ್ ಹೆಸರೇ ಇರಬೇಕು. ನಾನು ಮರೆತದ್ದು ಅದನ್ನೇ, ಇನ್ನೊಂದು ಗಂಟೆ ಹಾಳಾಯಿತು.